ಬ್ಲಡ್ ಬ್ಯಾಂಕಿಗೆ ಹತ್ತಿರದ ಕಾಲೇಜು

2025ರ ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ ಬಂತು. ಎರಡನೆಯ ದಿನ ಸಂಜೆ, ಪರೀಕ್ಷೆ ಮುಗಿಸಿ ಹೊರಬಿದ್ದ ತಂಗಿಯ ಮಗ ಶಿವಮೊಗ್ಗದಿಂದ ಫೋನ್ ಮಾಡಿದ. ಪೇಪರ್ ಹೇಗಿತ್ತು ಅಂತ ನಾನು ಕೇಳುವ ಮೊದಲೇ, "ಮಾವ, ಇವತ್ತು ನಮ್ಮ ದಿನ ಅಲ್ವಾ?" ಅಂದ. ಏಪ್ರಿಲ್ 17 ವಿಶ್ವ ಹಿಮೋಫಿಲಿಯಾ ದಿನ. ಆ ಕಾಯಿಲೆ ಅವನಿಗಿದೆ, ನನಗಿದೆ. ನನ್ನ ಸೋದರಮಾವನಿಗೂ ಇತ್ತು. ಅವನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪೇಟೆಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದವನು ಮತ್ತೆ ಹಾಸಿಗೆಯಿಂದ ಏಳಲಿಲ್ಲ. ನಾನು ಹುಟ್ಟುವುದಕ್ಕೂ ಮುಂಚಿನ ಮಾತು ಅದು.

ರ್‍ಯಾಂಕು ಬಂದ ಮೇಲೆ ಹುಡುಗ ಕಾಲೇಜುಗಳ ಪಟ್ಟಿ ಮಾಡಿ ಮೊಬೈಲಿಗೆ ಕಳಿಸಿದ. ಕಾಲೇಜು, ಬ್ರಾಂಚು, ಹೋದ ವರ್ಷ ಕೊನೆಯ ಸೀಟು ಯಾವ ರ್‍ಯಾಂಕಿಗೆ ಸಿಕ್ಕಿತ್ತು, ಹಾಸ್ಟೆಲಿನ ಫೀಸು ಎಷ್ಟು, ಕ್ಯಾಂಪಸ್ಸಿಗೆ ಯಾವ ಯಾವ ಕಂಪನಿ ಬರುತ್ತದೆ, ಎಲ್ಲ ಅಚ್ಚುಕಟ್ಟಾಗಿತ್ತು. ನಾನು ಹುಡುಕುತ್ತಿದ್ದ ಒಂದು ಕಾಲಂ ಮಾತ್ರ ಅದರಲ್ಲಿರಲಿಲ್ಲ. ದೊಡ್ಡಾಸ್ಪತ್ರೆ ಎಷ್ಟು ದೂರ, ಬ್ಲಡ್ ಬ್ಯಾಂಕ್ ಎಲ್ಲಿ? 1996ರಲ್ಲಿ ನಮ್ಮ ಅಪ್ಪಯ್ಯ ಬರೆದ ಪಟ್ಟಿ ಶುರುವಾಗಿದ್ದೇ ಆ ಕಾಲಮ್ಮಿನಿಂದ.

ಈ ಕಾಯಿಲೆಯ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೆರಳು ಕೊಯ್ದುಕೊಂಡರೆ ಸಾಕು, ರಕ್ತ ಧಾರೆಯಾಗಿ ಹರಿದು ಸತ್ತೇಹೋಗುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಲ್ಲಿ ಫ್ಯಾಕ್ಟರ್ 8 ಎನ್ನುವುದು ನಮ್ಮ ಮೈಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇರಬೇಕಾದುದರಲ್ಲಿ ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ ತೀವ್ರ ಸ್ವರೂಪದ್ದು ಎನ್ನುತ್ತಾರೆ. ನಮ್ಮ ಮೂವರದೂ ಅದೇ. ಇದರಲ್ಲಿ ಮೈಗಾಯಕ್ಕಿಂತ ಕಾಡುವುದು ಒಳಗಿನ ಸೋರಿಕೆ. ಮಂಡಿ, ಮೊಣಕೈ, ಕಣಕಾಲಿನ ಕೀಲೊಳಗೆ ರಕ್ತ ತುಂಬಿಕೊಳ್ಳುತ್ತದೆ. ಬೀಳಬೇಕು, ಪೆಟ್ಟಾಗಬೇಕು ಅಂತೇನಿಲ್ಲ. ರಾತ್ರಿ ಚೆನ್ನಾಗಿಯೇ ಮಲಗಿದವನಿಗೆ ಬೆಳಗಿನ ಜಾವ ಮಂಡಿಯೊಳಗೆ ಜುಮುಜುಮು ಅಂದು ಸಣ್ಣಗೆ ಬಿಸಿಯಾದರೆ ಮುಗಿಯಿತು, ಮಧ್ಯಾಹ್ನದ ಹೊತ್ತಿಗೆ ಅದು ತೆಂಗಿನಕಾಯಿಯ ಗಾತ್ರಕ್ಕೆ ಬಂದಿರುತ್ತದೆ. ಮತ್ತೆ ಮತ್ತೆ ಹೀಗಾದರೆ ಕೀಲಿನ ಮೃದ್ವಸ್ಥಿ ಸವೆದು ಕಾಲು ಪೂರ್ತಿ ಮಡಚಲೂ ಬಾರದು, ಪೂರ್ತಿ ಚಾಚಲೂ ಬಾರದು. ನನ್ನ ಎಡಗಾಲು ಹತ್ತನೆಯ ಕ್ಲಾಸು ಮುಗಿಯುವ ಹೊತ್ತಿಗೆ ಆ ಸ್ಥಿತಿಗೆ ಬಂದಿತ್ತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟದ ನಡುವಿನ ಒಂಟಿಮನೆ. ಮಳೆಗಾಲದಲ್ಲಿ ಶಾಲೆಗೆ ಹೋಗುವ ಕಾಲುದಾರಿ ತುಂಬ ಇಂಬಳ. ಜೊತೆಯ ಮಕ್ಕಳು ಹೊಗೆಸೊಪ್ಪು, ಸುಣ್ಣ ತಾಗಿಸಿ ಅವನ್ನು ಉದುರಿಸಿಕೊಂಡು ನಗುನಗುತ್ತಾ ಓಡುತ್ತಿದ್ದರು. ಇಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುತ್ತದೆ, ಎಲ್ಲರಿಗೂ ಸ್ವಲ್ಪ ಹೊತ್ತು ಸೋರುತ್ತದೆ. ನನಗೆ ಮಾರನೆಯ ದಿನವೂ ನಿಲ್ಲುತ್ತಿರಲಿಲ್ಲ. ಅಮ್ಮ ಅರಿಸಿನ ಒತ್ತಿ, ಬಟ್ಟೆ ಬಿಗಿದು, ಬೆಳಿಗ್ಗೆ ಎದ್ದ ಕೂಡಲೇ ಹೊದಿಕೆ ಸರಿಸಿ ನೋಡುತ್ತಿದ್ದಳು. ಕೊನೆಗೆ ಅವಳೇ ದಪ್ಪ ಬಟ್ಟೆಯಿಂದ ಮಂಡಿಯ ಮೇಲಿನ ತನಕ ಬರುವ ಚೀಲ ಹೊಲಿದು ಅದಕ್ಕೆ ಸುಣ್ಣದ ನೀರು ಅದ್ದಿ ಒಣಗಿಸಿಟ್ಟಳು. ಅದನ್ನು ಹಾಕಿಕೊಂಡು ಶಾಲೆಗೆ ಹೋಗುವುದೆಂದರೆ ನನಗೆ ನಾಚಿಕೆ. "ಯಾರಾದರೂ ಕೇಳಿದರೆ ಇಂಬಳಕ್ಕೆ ಹೆದರಿಕೆ ಅಂತ ಹೇಳು, ಬೇರೇನೂ ಹೇಳಬೇಡ" ಅನ್ನುತ್ತಿದ್ದಳು.

ಬೇರೇನೂ ಹೇಳಬೇಡ ಎನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಕಾಯಿಲೆಯ ಹೆಸರನ್ನು ಅಪ್ಪಯ್ಯ ಬಾಯಿಂದ ಆಡಿದ್ದು ನಾನು ಕೇಳಿರಲಿಲ್ಲ. ನೆಂಟರು ವಿಚಾರಿಸಿದರೆ "ಅವನಿಗೆ ವಾತ" ಅಂದುಬಿಡುತ್ತಿದ್ದರು. ಇದಕ್ಕೆ ಕಾರಣ ನಾನಲ್ಲ, ನನ್ನ ತಂಗಿ. ಈ ಕಾಯಿಲೆ ಬರುವುದು ತಾಯಿಯ ಕಡೆಯಿಂದ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇದ್ದು ಅದನ್ನು ಮಕ್ಕಳಿಗೆ ದಾಟಿಸುತ್ತಾರೆ, ಅನುಭವಿಸುವವರು ಗಂಡುಮಕ್ಕಳು. ನನ್ನಮ್ಮನಿಗೆ ತಮ್ಮನೂ ಹೀಗೇ, ಮಗನೂ ಹೀಗೇ. ಅಂದಮೇಲೆ ಅವಳು ಅದನ್ನು ಹೊತ್ತವಳು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ತಂಗಿಗೆ ಬಂದಿರುವುದಕ್ಕೂ ಬರದಿರುವುದಕ್ಕೂ ಅರ್ಧರ್ಧ ಸಾಧ್ಯತೆ. ಸುದ್ದಿ ಹೊರಗೆ ಹೋದರೆ ಅವಳಿಗೆ ಗಂಡು ಸಿಗುವುದಿಲ್ಲ. ಆಗ ಅವಳಿನ್ನೂ ಲಂಗ ತೊಟ್ಟು ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ.

ಮಂಡಿ ಊದಿದಾಗಲೆಲ್ಲ ಬಾಡಿಗೆ ಜೀಪು ಹಿಡಿದು ಆಗುಂಬೆ ಘಾಟಿ ಇಳಿಯಬೇಕಿತ್ತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಯೆಂದರೆ ಘಟ್ಟದ ಕೆಳಗೇ ಹೋಗುವುದು. ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಒಂದೊಂದರಲ್ಲೂ ನನ್ನ ಕಾಲು ಜಗ್ಗದ ಹಾಗೆ ಅಪ್ಪಯ್ಯ ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಆಸ್ಪತ್ರೆಯಲ್ಲಿ ಹಳದಿ ಬಣ್ಣದ ಪ್ಲಾಸ್ಮಾ ಚೀಲ ಏರಿಸುವರು. ಅದೃಷ್ಟವಿದ್ದರೆ ಕ್ರಯೋ ಸಿಗುತ್ತಿತ್ತು. ಹೆಪ್ಪುಗಟ್ಟಿಸಿದ ಪ್ಲಾಸ್ಮಾವನ್ನು ತಣ್ಣಗೇ ನಿಧಾನವಾಗಿ ಕರಗಿಸಿದರೆ ತಳದಲ್ಲಿ ಉಳಿಯುವ ಗಸಿಯಲ್ಲಿ ಫ್ಯಾಕ್ಟರ್ 8 ಇರುತ್ತದೆ ಎನ್ನುವುದನ್ನು 1960ರ ದಶಕದಲ್ಲಿ ಅಮೆರಿಕದ ಜುಡಿತ್ ಪೂಲ್ ಕಂಡುಹಿಡಿದರು. ಲಕ್ಷಾಂತರ ಜನರ ಕೈಕಾಲು ಉಳಿಸಿದ ಹೆಣ್ಣುಮಗಳು ಆಕೆ. ಪರದೇಶದಿಂದ ಬರುತ್ತಿದ್ದ ಫ್ಯಾಕ್ಟರ್ ಪುಡಿಯ ಬೆಲೆ ಕೇಳಿದರೆ ತೋಟ ಮಾರಬೇಕು ಅನ್ನಿಸುತ್ತಿತ್ತು. ಪ್ರತಿ ಸಲವೂ ನಮ್ಮ ಕಡೆಯವರು ಬದಲಿ ರಕ್ತ ಕೊಡಬೇಕು, ಅದಕ್ಕೆ ತೋಟದ ಆಳುಗಳೂ ಜೀಪಿನ ಡ್ರೈವರೂ ತೋಳು ಚಾಚಿದ್ದಾರೆ. ಯಾಕೆ, ಏನು ಅಂತ ಅವರು ಕೇಳಲಿಲ್ಲ, ಅಪ್ಪಯ್ಯ ಹೇಳಲೂ ಇಲ್ಲ. ಎಲ್ಲರಿಗಿಂತ ಮೊದಲು ಹೇಳಬೇಕಾದದ್ದು ಅವರಿಗೇ ಇತ್ತು ಅಂತ ಈಗ ಅನ್ನಿಸುತ್ತದೆ.

ಪಿಯುಸಿಯಲ್ಲಿ ನನಗೆ ಒಳ್ಳೆಯ ಅಂಕ ಬಂದದ್ದೇ ಮನೆಗೆ ಕಷ್ಟವಾಯಿತು. ಇಲ್ಲೇ ತೀರ್ಥಹಳ್ಳಿಯಲ್ಲಿ ಬಿ.ಕಾಂ. ಓದಲಿ, ಅಡಿಕೆ ಮಂಡಿಯಲ್ಲೋ ಸೊಸೈಟಿಯಲ್ಲೋ ಲೆಕ್ಕ ಬರೆದುಕೊಂಡಿರಲಿ ಎನ್ನುವುದು ಅಪ್ಪಯ್ಯನ ಯೋಚನೆ. ನನ್ನ ತಲೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕೂತಿತ್ತು. ಊರಿನ ತುಂಗಾ ಸೇತುವೆಯ ಕಮಾನು ನೋಡಿ ಬೆಳೆದವನು ನಾನು. ಅಷ್ಟು ಭಾರ ಹೊತ್ತ ಕಲ್ಲು, ಕಾಂಕ್ರೀಟು ಅಷ್ಟು ಹಗುರವಾಗಿ ಹೇಗೆ ಕಾಣುತ್ತದೆ ಅಂತ ತಲೆಕೆಡಿಸಿಕೊಂಡವನು. ಇಬ್ಬರ ನಡುವೆ ಅಮ್ಮ ಬಾಯಿ ಹಾಕಿದಳು. "ನನ್ನ ತಮ್ಮನನ್ನು ಮನೆಯಲ್ಲೇ ಇಟ್ಟುಕೊಂಡೆವು. ಉಳಿದನಾ?" ಅಂದಳು. ಆ ಮಾತಿನ ಮೇಲೆ ಅಪ್ಪಯ್ಯ ಬಿ.ಕಾಂ. ವಿಷಯ ಎತ್ತಲಿಲ್ಲ.

ಮಾರನೆಯ ವಾರದಿಂದ ಅವರು ಊರೂರು ತಿರುಗಿದರು. ಸಿಇಟಿ ಬರೆದು ನಾನು ಮನೆಯಲ್ಲಿದ್ದರೆ ಅವರು ಬಸ್ಸಿನಲ್ಲಿ ಒಂದೊಂದು ಕಾಲೇಜಿಗೂ ಹೋಗಿ ನೋಡಿಕೊಂಡು ಬರುತ್ತಿದ್ದರು. ಅಡಿಕೆ ಮಂಡಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಯಲ್ಲಿ, ತೋಟದ ಔಷಧಿ ಲೆಕ್ಕದ ಹಿಂದಿನ ಹಾಳೆಗಳಲ್ಲಿ, ಎಲ್ಲ ಬರೆದಿಟ್ಟಿದ್ದಾರೆ. ಆ ಡೈರಿ ಈಗ ನನ್ನ ಹತ್ತಿರ ಇದೆ. ಒಂದು ಪುಟ ಹೀಗಿದೆ: "ಕ್ಲಾಸು ಎರಡನೇ ಮಹಡಿ. ಮೆಟ್ಟಿಲು ಕಡಿದು, ಹಿಡಿಕೆ ಒಂದೇ ಬದಿ. ಹಾಸ್ಟೆಲಿನಿಂದ ಕಾಲೇಜು ಏರು. ಕಮೋಡ್ ಇಲ್ಲ. ಊಟ ನೆಲದ ಮೇಲೆ." ಇನ್ನೊಂದರಲ್ಲಿ, "ಆಸ್ಪತ್ರೆ ಆಟೋದಲ್ಲಿ ಹತ್ತು ನಿಮಿಷ. ರಾತ್ರಿ ಆಟೋ ಸಿಗುವುದಿಲ್ಲ ಎಂದು ಅಂಗಡಿಯವ. ವಾರ್ಡನ್ ಒಳ್ಳೆಯವರು, ಕೇಳಲು ಧೈರ್ಯ ಆಗಲಿಲ್ಲ."

ಕಮೋಡಿನ ಮಾತು ಓದುವವರಿಗೆ ಸಣ್ಣದಾಗಿ ಕಾಣಬಹುದು. ಮಡಚದ ಮಂಡಿಯವನಿಗೆ ದಿನ ಶುರುವಾಗುವುದೇ ಅದರಿಂದ. ಆಗಿನ ಹಾಸ್ಟೆಲುಗಳಲ್ಲಿ ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆಯೇ ಇದ್ದದ್ದು. ಮನೆಯಲ್ಲಿ ಅಪ್ಪಯ್ಯ ಮರದ ಕುರ್ಚಿಯ ನಡುವೆ ತೂತು ಕೊರೆಸಿ ನನಗೆ ಒಂದು ವ್ಯವಸ್ಥೆ ಮಾಡಿದ್ದರು. ಆ ಕುರ್ಚಿಯನ್ನು ಹಾಸ್ಟೆಲಿಗೆ ಹೊತ್ತೊಯ್ದರೆ ಉಳಿದ ಹುಡುಗರು ಏನನ್ನಬಹುದು ಅಂತ ನಾನು ರಾತ್ರಿಯೆಲ್ಲ ಯೋಚಿಸಿದ್ದೇನೆ. ಗಣಿತ, ಭೌತಶಾಸ್ತ್ರದ ಮೇಲೆ ಕಾಲೇಜು ಆರಿಸುವ ವಯಸ್ಸಿನಲ್ಲಿ ನಾನು ಇದರ ಮೇಲೆ ಆರಿಸಬೇಕಿತ್ತು.

ಕಲಬುರಗಿ, ಬೀದರ್, ಬಳ್ಳಾರಿ ದೂರದ ಕಾರಣಕ್ಕೇ ಪಟ್ಟಿಯಿಂದ ಬಿದ್ದವು. ಸುರತ್ಕಲ್ಲಿನ ಕೆಆರ್‌ಇಸಿ ನನ್ನ ರ್‍ಯಾಂಕಿಗೆ ಎಟುಕುವಂತಿರಲಿಲ್ಲ. ಮೈಸೂರು ಎಟುಕುತ್ತಿತ್ತು, ಸಿವಿಲ್ಲೂ ಸಿಗುತ್ತಿತ್ತು. ಹಾಗೆ ನೋಡಿದರೆ ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಗೇನು ಕೊರತೆ? ನಾನು ಮನಸ್ಸಿನಲ್ಲೇ ಮೈಸೂರಿಗೆ ಹೋಗಿಬಿಟ್ಟಿದ್ದೆ. ಅಷ್ಟರಲ್ಲಿ ಘಟ್ಟದ ಕೆಳಗಿನ ಆಸ್ಪತ್ರೆಯ ಕಿರಿಯ ವೈದ್ಯರೊಬ್ಬರು ಪ್ಲಾಸ್ಮಾ ಏರಿಸುತ್ತಾ, "ದಾವಣಗೆರೆಯಲ್ಲಿ ಒಬ್ಬರು ಡಾಕ್ಟರಿದ್ದಾರೆ, ಅವರಿಗೂ ಇದೇ ಕಾಯಿಲೆ, ಒಮ್ಮೆ ನೋಡಿ ಬನ್ನಿ" ಅಂದರು. ಅವರು ಹೇಳಿದ್ದು ಡಾ. ಸುರೇಶ್ ಹನಗವಾಡಿಯವರ ವಿಷಯ. ಸ್ವತಃ ಹಿಮೋಫಿಲಿಯಾ ಇದ್ದುಕೊಂಡೇ ವೈದ್ಯರಾಗಿ, ಪೆಥಾಲಜಿ ಕಲಿಸುತ್ತಾ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಆ ಊರಿನಲ್ಲಿ ಕಟ್ಟಿದವರು. ಈ ಕಾಯಿಲೆಯವನು ಡಾಕ್ಟರಾಗಬಹುದು ಎನ್ನುವ ಸಂಗತಿಯೇ ನಮಗೆ ಹೊಸದು. ನಮ್ಮ ಮನೆಯಲ್ಲಿ ಈ ಕಾಯಿಲೆಯವರು ಇಪ್ಪತ್ತು ದಾಟಿದ ಉದಾಹರಣೆಯೇ ಇರಲಿಲ್ಲ.

ಅಪ್ಪಯ್ಯ ನನ್ನನ್ನು ಕರೆದುಕೊಂಡು ದಾವಣಗೆರೆಗೆ ಹೋದ ದಿನ ಒಂದು ಉದ್ದನೆಯ ಬೆಂಚಿನ ಮೇಲೆ ಐದಾರು ಹುಡುಗರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬನೂ ಒಂದು ಕಾಲನ್ನು ನೀಡಿ, ಇನ್ನೊಂದನ್ನು ಮಡಚಿ ಕೂತಿದ್ದ. ನಾನು ಕೂರುವುದು ಹಾಗೇ. ಹರಿಹರದಿಂದ ಬಂದ ಒಬ್ಬ, ರಾಣೆಬೆನ್ನೂರಿನವನೊಬ್ಬ, ಹಡಗಲಿ ಕಡೆಯ ಕುರಿ ಕಾಯುವವರ ಮನೆಯ ಸಣ್ಣ ಹುಡುಗ. ಅವನ ಮೊಣಕೈ ಮೇಲೆ ಬರೆ ಹಾಕಿದ ಗುರುತಿತ್ತು. ಊತ ಇಳಿಯಲಿ ಅಂತ ಕಾಯಿಸಿ ಹಾಕಿದ್ದಂತೆ. ನನ್ನನ್ನು ನೋಡಿದ ಕೂಡಲೇ ಹರಿಹರದವನು ಸ್ವಲ್ಪ ಸರಿದು, "ಎಡಗಾಲಾ? ಈ ಕಡೆ ಬಾ, ಚಾಚೋಕೆ ಜಾಗ ಐತಿ" ಅಂದ. ಅಷ್ಟು ಸಲೀಸಾಗಿ ಯಾರೂ ನನ್ನ ಕಾಲಿನ ಬಗ್ಗೆ ಮಾತಾಡಿದ್ದೇ ಇಲ್ಲ.

ಅಪ್ಪಯ್ಯ ಆ ಸಣ್ಣ ಹುಡುಗನ ಅಪ್ಪನ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ಅವರಿಬ್ಬರೂ ಗಟ್ಟಿಯಾಗಿ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಉಸಿರೆತ್ತದ ಮನುಷ್ಯ, "ನನ್ನ ಹೆಂಡತಿಯ ತಮ್ಮ ಇದರಲ್ಲೇ ಹೋದ, ನನಗೆ ರಾತ್ರಿ ನಿದ್ದೆ ಇಲ್ಲ ಮಾರಾಯರೆ" ಅಂತ ಗುರುತಿಲ್ಲದ ಕುರಿಗಾಹಿಯೊಬ್ಬರ ಎದುರು ಹೇಳಿದರು. ಆತ ಚೀಲದಿಂದ ರೊಟ್ಟಿ ತೆಗೆದು ಇವರಿಗೂ ಕೊಟ್ಟರು. ಅಪ್ಪಯ್ಯ ಹೊರಗೆ ಎಲ್ಲಿಯೂ ಯಾರ ಕೈಯಲ್ಲೂ ತಿನ್ನದವರು, ಅವತ್ತು ತಿಂದರು. ಬಸ್ಸಿನಲ್ಲಿ ಬರುವಾಗ ಡೈರಿ ತೆಗೆಯಲೇ ಇಲ್ಲ. ದಾವಣಗೆರೆ ಎಂದು ತಲೆಬರಹ ಹಾಕಿದ ಪುಟ ಇವತ್ತಿಗೂ ಖಾಲಿ ಇದೆ.

1994ರಲ್ಲಿ ಶುರುವಾದ ಸಿಇಟಿಗೆ ಆಗ ಈಗಿನಂತೆ ಮನೆಯಲ್ಲೇ ಕೂತು ಕಾಲೇಜು ಆರಿಸುವ ಸೌಕರ್ಯ ಇರಲಿಲ್ಲ. ರ್‍ಯಾಂಕಿನ ಸರದಿಯಂತೆ ಬೆಂಗಳೂರಿಗೆ ಹೋಗಬೇಕು, ಉಳಿದಿರುವ ಸೀಟು ನೋಡಿ ನಿಂತ ಕಾಲಲ್ಲೇ ನಿರ್ಧಾರ ಮಾಡಬೇಕು. 1993ರ ಉನ್ನಿಕೃಷ್ಣನ್ ತೀರ್ಪಿನ ನಂತರದ ಫ್ರೀ ಸೀಟು, ಪೇಮೆಂಟ್ ಸೀಟುಗಳ ಕಾಲ ಅದು. ಹಿಂದಿನವರು ಯಾವುದನ್ನು ಎತ್ತಿದರು ಎನ್ನುವುದರ ಮೇಲೆ ಪ್ರತಿ ಕ್ಷಣವೂ ನಮ್ಮ ಭವಿಷ್ಯ ಬದಲಾಗುತ್ತಿತ್ತು. ನನ್ನ ಸರದಿ ಬಂದಾಗ ಮೈಸೂರಿನಲ್ಲಿ ಸಿವಿಲ್ ಇತ್ತು. ದಾವಣಗೆರೆಯಲ್ಲೂ ಇತ್ತು. ಆದರೆ ಸಿವಿಲ್ ಎಂದರೆ ಸರಪಳಿ ಹಿಡಿದು ಸರ್ವೆಗೆ ನಡೆಯಬೇಕು, ಗುಡ್ಡ ಹತ್ತಬೇಕು, ಕಟ್ಟಡದ ಅಟ್ಟಣಿಗೆ ಏರಬೇಕು. ಅಪ್ಪಯ್ಯ ನನ್ನ ಭುಜದ ಮೇಲೆ ಕೈಯಿಟ್ಟು "ದಾವಣಗೆರೆ, ಎಲೆಕ್ಟ್ರಾನಿಕ್ಸ್" ಅಂದರು. ಎದುರಿಗೆ ಕೂತಿದ್ದವರು, "ಇದೇ ರ್‍ಯಾಂಕಿಗೆ ಮೈಸೂರಿದೆಯಲ್ಲ ಸ್ವಾಮಿ?" ಅಂತ ಕೇಳಿದರು. "ಅಲ್ಲಿ ನಮ್ಮವರಿದ್ದಾರೆ ಸಾರ್" ಅಂದರು ಅಪ್ಪಯ್ಯ. ದಾವಣಗೆರೆಯಲ್ಲಿ ನಮಗೆ ನೆಂಟರು ಅನ್ನುವವರು ಒಬ್ಬರೂ ಇರಲಿಲ್ಲ.

ಅವತ್ತು ನನಗಾದ ಸಂಕಟ ಸಣ್ಣದಲ್ಲ. ಕಾಲೇಜಿನ ಮೊದಲ ವರ್ಷವಿಡೀ ಅಪ್ಪಯ್ಯನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಮೂವತ್ತು ವರ್ಷದ ಮೇಲೆ ತೂಗಿ ನೋಡಿದರೆ ಎರಡು ಮಾತು ಹೇಳಬೇಕು. ಬ್ರಾಂಚಿನ ವಿಷಯದಲ್ಲಿ ಅವರು ಸೋತರು. ಭಯಕ್ಕೆ ಮಗನ ಆಸೆಯನ್ನು ಒತ್ತೆ ಇಟ್ಟರು. ಸಿವಿಲ್ ಎಂಜಿನಿಯರಿಗೆ ಡ್ರಾಯಿಂಗ್ ಮೇಜೂ ಇರುತ್ತದೆ, ಲೆಕ್ಕಾಚಾರದ ಕೆಲಸವೂ ಇರುತ್ತದೆ ಎಂದು ಹೇಳುವವರು ನಮಗೆ ಯಾರೂ ಇರಲಿಲ್ಲ. ನಾನು ಎಲೆಕ್ಟ್ರಾನಿಕ್ಸಿನಲ್ಲೇ ಅನ್ನ ಕಂಡೆ, ಅದರ ಬಗ್ಗೆ ದೂರಿಲ್ಲ. ಆದರೂ ಇವತ್ತಿಗೂ ಹೊಸ ಸೇತುವೆ ಬಂದರೆ ಬಸ್ಸಿನ ಕಿಟಕಿಯಿಂದ ಬಗ್ಗಿ ಕಂಬದ ಬುಡ ನೋಡುತ್ತೇನೆ. ಊರಿನ ವಿಷಯದಲ್ಲಿ ಮಾತ್ರ ಅವರು ಗೆದ್ದರು. ಬ್ಲಡ್ ಬ್ಯಾಂಕು ಹುಡುಕಿಕೊಂಡು ಹೊರಟವರು ಅದಕ್ಕಿಂತ ದೊಡ್ಡದೊಂದನ್ನು ಕಂಡುಕೊಂಡು ಬಂದಿದ್ದರು.

ಆಗಿನ ಎಂಜಿನಿಯರಿಂಗಿನಲ್ಲಿ ಯಾವ ಬ್ರಾಂಚಾದರೂ ಮೊದಲ ವರ್ಷ ವರ್ಕ್‌ಶಾಪು ತಪ್ಪಿದ್ದಲ್ಲ. ಕಬ್ಬಿಣದ ಎರಡು ಚಪ್ಪಟೆ ತುಂಡುಗಳನ್ನು ವೈಸಿಗೆ ಕಚ್ಚಿಸಿ, ಗರಗಸದಲ್ಲಿ ಕೊಯ್ದು, ಅರದಲ್ಲಿ ಉಜ್ಜಿ, ಒಂದಕ್ಕೊಂದು ಸಂದಿಲ್ಲದೆ ಕೂರುವ ಹಾಗೆ ಮಾಡಬೇಕು. ಎರಡನೆಯ ತರಗತಿಯ ಹೊತ್ತಿಗೆ ನನ್ನ ಬಲ ಮಣಿಕಟ್ಟಿನೊಳಗೆ ಆ ಪರಿಚಯದ ಜುಮುಜುಮು ಶುರುವಾಯಿತು. ಮನೆಯ ಪಾಠದಂತೆ ಬಾಯಿ ಮುಚ್ಚಿಕೊಂಡು ಉಜ್ಜುತ್ತಿದ್ದೆ. ವರ್ಕ್‌ಶಾಪಿನ ಇನ್‌ಸ್ಟ್ರಕ್ಟರು, ಕಾಕಿ ಕೋಟಿನ ಹಿರಿಯರು, ಹತ್ತಿರ ಬಂದು ನನ್ನ ಅರವನ್ನು ತೆಗೆದು ಬದಿಗಿಟ್ಟರು. "ಏನೋ ತಮ್ಮಾ, ಕೈ ಯಾಕ ಹಂಗ್ ಹಿಡದಿ?" ಅಂದರು. ಬೆಂಚಿನ ಮೇಲಿನ ಹರಿಹರದವನ ಸಲೀಸು ಆಗ ನನಗೂ ಬಂತು. ಹೇಳಿದೆ. ಹೆಸರು ಹಿಡಿದೇ ಹೇಳಿದೆ. ಅವರಿಗೆ ಹೆಸರು ಅರ್ಥವಾಗಲಿಲ್ಲ, ಆದರೆ ಐಸು ಬೇಕು ಎನ್ನುವುದು ಅರ್ಥವಾಯಿತು. ಎದುರಿನ ಸೋಡಾ ಅಂಗಡಿಗೆ ಹುಡುಗನನ್ನು ಓಡಿಸಿದರು. ಆಮೇಲೆ ವರ್ಷಪೂರ್ತಿ ನನಗೆ ಅರ ಹಿಡಿಯುವ ಕೆಲಸ ಕೊಡಲಿಲ್ಲ. ಅಳತೆ ಗುರುತು ಮಾಡುವುದು, ಬೇರೆಯವರ ತುಂಡು ಸರಿಯಾಗಿದೆಯೇ ಅಂತ ಮಟ್ಟಗೋಲಿಟ್ಟು ನೋಡುವುದು ನನ್ನ ಪಾಲಿಗೆ. ಪರೀಕ್ಷೆಯ ದಿನ ಮೆತ್ತನೆಯ ತಗಡಿನ ಕೆಲಸ ಬರುವಂತೆ ನೋಡಿಕೊಂಡರು. ನಿಯಮದ ಪ್ರಕಾರ ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ನನ್ನ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗುತ್ತದೆ.

ಒಬ್ಬರಿಗೆ ಹೇಳಿದ ಮೇಲೆ ಇನ್ನೊಬ್ಬರಿಗೆ ಹೇಳುವುದು ಕಷ್ಟವಾಗಲಿಲ್ಲ. ರೂಮಿನ ಜೊತೆಗಾರರಿಗೆ ಹೇಳಿದೆ. ಅವರು ಮೆಸ್ಸಿನ ಭಟ್ಟರಿಗೆ ಹೇಳಿ ಹಾಲಿಡುವ ಫ್ರಿಜ್ಜಿನ ಮೂಲೆಯಲ್ಲಿ ನನ್ನ ಔಷಧಿಗೆ ಜಾಗ ಮಾಡಿಸಿದರು. ಮನೆಯಿಂದ ಬಂದ ತೂತಿನ ಕುರ್ಚಿಗೆ ಬಣ್ಣ ಹೊಡೆದವರೂ ಅವರೇ. ಫ್ಯಾಕ್ಟರ್ ಪುಡಿ ನನ್ನ ಕೈಗೆ ಮೊದಲು ಸಿಕ್ಕಿದ್ದು ಆ ಊರಿನಲ್ಲಿ. 1983ರಲ್ಲಿ ದೆಹಲಿಯಲ್ಲಿ ಅಶೋಕ್ ವರ್ಮ ಅವರು ಕಟ್ಟಿದ ಹಿಮೋಫಿಲಿಯಾ ಫೆಡರೇಶನ್ನಿನ ಮೂಲಕ ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಬರುತ್ತಿತ್ತು. ಒಂದು ಸೀಸೆಯಲ್ಲಿ ಪುಡಿ, ಇನ್ನೊಂದರಲ್ಲಿ ನೀರು. ನೀರನ್ನು ಪುಡಿಗೆ ಸೇರಿಸಿ ಕುಲುಕದೆ, ಅಂಗೈ ನಡುವೆ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಬಂದು ಹಾಳು. ನೀರು ತಿಳಿಯಾದ ಮೇಲೆ ರೆಕ್ಕೆಯಂಥ ಹಿಡಿಕೆಯ ಸಣ್ಣ ಸೂಜಿಯಿಂದ ಮುಂಗೈಯ ರಕ್ತನಾಳಕ್ಕೆ ನಿಧಾನವಾಗಿ ತಳ್ಳಬೇಕು. ನಾನೇ ಚುಚ್ಚಿಕೊಳ್ಳಲು ಕಲಿತದ್ದು ಹರಿಹರದವನ ಕೈಯಿಂದ. ಅವನು ಹತ್ತನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಅವನೂರಿಗೂ ದಾವಣಗೆರೆಗೂ ಎಷ್ಟು ದೂರ? ಆದರೂ ಆ ಬೆಂಚಿನ ತನಕ ಅವನು ಮೊದಲ ಸಲ ಬರುವ ಹೊತ್ತಿಗೆ ಎರಡೂ ಮಂಡಿ ಹೋಗಿದ್ದವು. ಹತ್ತಿರ ಇದ್ದರೆ ಸಾಲದು, ಗೊತ್ತಿರಬೇಕು, ಗೊತ್ತುಮಾಡುವವರಿರಬೇಕು.

ಆ ಕಾಲದ ರಕ್ತದ ವಿಷಯದಲ್ಲಿ ಒಂದು ಮಾತು ಬಿಟ್ಟರೆ ಸರಿಯಾಗುವುದಿಲ್ಲ. ದುಡ್ಡಿಗೆ ರಕ್ತ ಮಾರುವವರು ಆಗ ಇನ್ನೂ ಇದ್ದರು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಅದು ಪೂರ್ತಿ ನಿಷೇಧವಾದದ್ದು 1998ರ ಜನವರಿ 1ರಿಂದ. ಅಷ್ಟರೊಳಗೆ ಚೀಲದ ಮೂಲಕವೇ ಬೇರೆ ಕಾಯಿಲೆ ಅಂಟಿಸಿಕೊಂಡವರು ಪ್ರಪಂಚದಾದ್ಯಂತ ಎಷ್ಟೋ ಮಂದಿ. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವರಲ್ಲಿ ಇಬ್ಬರು ಈಗಿಲ್ಲ.

ಇತ್ತ ಮನೆಯಲ್ಲಿ ಹಳೆಯ ಕಟ್ಟುನಿಟ್ಟು ಹಾಗೇ ಇತ್ತು. 2002ರಲ್ಲಿ ತಂಗಿಯ ಮದುವೆಯಾಯಿತು. ಗಂಡಿನ ಕಡೆಯವರಿಗೆ ನಾನು ವಾತದವನು. ಹೇಳಿಬಿಡೋಣ ಎಂದು ನಾನು ಹಟ ಹಿಡಿದೆ. ದಾವಣಗೆರೆಯಲ್ಲಿ ಕುರಿಗಾಹಿಯ ಎದುರು ಮನಸ್ಸು ಬಿಚ್ಚಿದ ಅಪ್ಪಯ್ಯ ಇಲ್ಲಿ ಒಪ್ಪಲಿಲ್ಲ. "ಅಲ್ಲಿ ಎಲ್ಲರೂ ಒಂದೇ, ಇಲ್ಲಿ ನಮ್ಮ ಹುಡುಗಿ ಒಬ್ಬಳೇ" ಅಂದರು. ಮೊದಲನೆಯದು ಹೆಣ್ಣಾಯಿತು. 2007ರಲ್ಲಿ ಗಂಡು. ಅದು ಅಂಬೆಗಾಲಿಡಲು ಶುರುಮಾಡಿದ ತಿಂಗಳಲ್ಲೇ ಮಂಡಿಯ ಮೇಲೆ ನೀಲಿ ಗುಬ್ಬಟೆಗಳು ಎದ್ದವು. ಮಕ್ಕಳ ಡಾಕ್ಟರು "ತಾಯಿ ಕಡೆ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇದೆಯಾ?" ಎಂದು ಕೇಳಿದಾಗ ತಂಗಿಯ ಪಕ್ಕದಲ್ಲಿ ಅವಳತ್ತೆ ನಿಂತಿದ್ದರು. ಇದೆ ಎಂದು ಹೇಳಿದ ಆ ಒಂದು ಮಾತಿಗೆ ಅವಳು ಆ ಮನೆಯಲ್ಲಿ ಎಷ್ಟೋ ವರ್ಷ ಬೆಲೆ ತೆತ್ತಳು. ಗಂಡ ಒಳ್ಳೆಯವನು, ಕೈ ಬಿಡಲಿಲ್ಲ. ಅವನೇ ಒಮ್ಮೆ ನನ್ನ ಹತ್ತಿರ, "ಭಾವ, ಕಾಯಿಲೆ ಇದೆ ಅಂತ ನನಗೆ ಬೇಜಾರಿಲ್ಲ. ನನಗೆ ಹೇಳಬಹುದಿತ್ತು" ಅಂದ. ಅಪ್ಪಯ್ಯನನ್ನು ನಾನು ಎಷ್ಟು ಪ್ರೀತಿಸುತ್ತೇನೋ ಅಷ್ಟೇ ಖಚಿತವಾಗಿ ಹೇಳುತ್ತೇನೆ: ಮಾಡಿದ್ದು ಅನ್ಯಾಯ. ಮಗಳನ್ನು ಕಾಪಾಡುತ್ತೇವೆಂದುಕೊಂಡು ಅವಳನ್ನು ಒಂಟಿಯಾಗಿ ನಿಲ್ಲಿಸಿದರು.

ಆ ಮಗುವೇ ಈಗ ಕಾಲೇಜು ಪಟ್ಟಿ ಮಾಡಿದ ಹುಡುಗ. ಅವನ ಕಾಲ ಬೇರೆ. ಜಿಲ್ಲಾಸ್ಪತ್ರೆಯಲ್ಲಿ, ದಾಸ್ತಾನು ಇದ್ದಾಗ, ಫ್ಯಾಕ್ಟರ್ ಉಚಿತವಾಗಿ ಸಿಗುತ್ತದೆ. ರಕ್ತ ಸೋರಿದ ಮೇಲೆ ಓಡುವ ಬದಲು ಸೋರದಂತೆ ಮೊದಲೇ ಕೊಡುವ ಪದ್ಧತಿ ಬಂದಿದೆ. ಅವನೀಗ ಎರಡು ವಾರಕ್ಕೊಮ್ಮೆ ಎಮಿಸಿಜುಮಾಬ್ ಎನ್ನುವ ಔಷಧಿಯನ್ನು ಹೊಟ್ಟೆಯ ಚರ್ಮದಡಿಗೆ ತಾನೇ ಚುಚ್ಚಿಕೊಳ್ಳುತ್ತಾನೆ. ಎರಡೂ ಮಂಡಿ ಪೂರ್ತಿ ಮಡಚುತ್ತವೆ, ಚಕ್ಕಂಬಕ್ಕಲ ಹಾಕಿ ಊಟಕ್ಕೆ ಕೂರುತ್ತಾನೆ. ನಮ್ಮ ವಂಶದಲ್ಲಿ ಈ ಕಾಯಿಲೆಯಿದ್ದೂ ಹಾಗೆ ಕೂತವನು ಅವನೊಬ್ಬನೇ. ಪಟ್ಟಿಯ ಮೊದಲ ಮೂರು ಸಾಲಿನಲ್ಲಿ ಸಿವಿಲ್ ಎಂದಿತ್ತು. ನಾನು ಹೇಳಿಕೊಟ್ಟದ್ದಲ್ಲ, ನನ್ನ ಹಳೆಯ ಆಸೆ ಅವನಿಗೆ ಗೊತ್ತೂ ಇರಲಿಲ್ಲ.

ತಂಗಿ ನನಗೆ ಫೋನ್ ಮಾಡಿ, "ಅಣ್ಣ, ನೀನು ಹೇಳಿದರೆ ಕೇಳುತ್ತಾನೆ, ಕಂಪ್ಯೂಟರ್ ಸೈನ್ಸ್ ತಗೊಳ್ಳಲಿ" ಅಂದಳು. ನಾನು ಹುಡುಗನ ಪರ ನಿಂತೆ. ಇನ್ನೊಂದು ಜಗಳ ಅಂಗವಿಕಲರ ಕೋಟಾದ್ದು. ನನ್ನ ಕಾಲದಲ್ಲಿದ್ದ 1995ರ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾದ ಹೆಸರಿರಲಿಲ್ಲ. 2016ರ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಅದು ಸೇರಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದೆಯೆಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 5ರ ಮೀಸಲಾತಿ. ತಂಗಿಗೆ ಕಾರ್ಡೇ ಬೇಡ, ಹೆಸರಿನ ಮುಂದೆ ಆ ಚೀಟಿ ಜನ್ಮವಿಡೀ ಅಂಟಿಕೊಳ್ಳುತ್ತದೆ ಎನ್ನುವ ಹೆದರಿಕೆ. ಹುಡುಗ ಒಪ್ಪಲಿಲ್ಲ. "ಕೋಟಾ ಸಿಗಲಿ ಬಿಡಲಿ, ಕಾರ್ಡು ಮಾಡಿಸ್ತೀನಿ. ಇದ್ದದ್ದನ್ನು ಇದೆ ಅನ್ನೋಕೆ ಏನು?" ಅಂದ.

ಕೊನೆಗೆ ಅವನು ಮಾಡಿದ ಕೆಲಸ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆಪ್ಷನ್ ಎಂಟ್ರಿಗೆ ಇನ್ನೂ ಸಮಯವಿದ್ದಾಗ ಮೊದಲ ಮೂರು ಕಾಲೇಜುಗಳಿಗೆ ತಾನೇ ಪತ್ರ ಬರೆದ. ನನಗೆ ಇಂಥ ಕಾಯಿಲೆ ಇದೆ, ನೆಲಮಹಡಿಯಲ್ಲಿ ರೂಮು ಸಿಗುತ್ತದಾ, ಔಷಧಿಗೆ ಫ್ರಿಜ್ಜು ಸಿಗುತ್ತದಾ, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಗೇಟು ಯಾರು ತೆಗೆಯುತ್ತಾರೆ? ಒಂದು ಕಾಲೇಜಿನಿಂದ ಉತ್ತರವೇ ಬರಲಿಲ್ಲ. ಇನ್ನೊಂದು ಕಡೆಯಿಂದ ಫಿಟ್‌ನೆಸ್ ಸರ್ಟಿಫಿಕೇಟು ತನ್ನಿ, ಏನಾದರೂ ಆದರೆ ಕಾಲೇಜು ಹೊಣೆಯಲ್ಲ ಅಂತ ಬರೆದುಕೊಡಿ ಎಂದು ಬಂತು. ಮೂರನೆಯ ಕಾಲೇಜಿನ ವಾರ್ಡನ್ನು ಫೋನ್ ಮಾಡಿ, "ಏನಾದರೂ ಆದರೆ ಮೊದಲು ನಾನು ಏನು ಮಾಡಬೇಕು, ಅದನ್ನು ಹೇಳಪ್ಪ" ಎಂದು ಕೇಳಿದರಂತೆ. ಹಿಂದಿನ ವರ್ಷದ ರ್‍ಯಾಂಕು ನೋಡಿದರೆ ಮೂರರಲ್ಲಿ ಅದು ಕಡೆಯದು. ಹುಡುಗ ಅದನ್ನೇ ಮೊದಲನೆಯ ಆಪ್ಷನ್ ಮಾಡಿದ. ಸೀಟು ಹಂಚಿಕೆಯಲ್ಲಿ ಅದೇ ಬಂತು. ಒಪ್ಪಿದ್ದೇನೆ, ಸೇರುತ್ತೇನೆ ಎಂದು ಒತ್ತಿದ.

ಬ್ಲಡ್ ಬ್ಯಾಂಕು ಅಲ್ಲಿಂದ ಎಷ್ಟು ದೂರ ಎನ್ನುವುದನ್ನು ನಾನೇ ಹುಡುಕಿ ಅವನ ಮೊಬೈಲಿಗೆ ಹಾಕಿದೆ. ಕಾಲ ಎಷ್ಟೇ ಬದಲಾಗಲಿ, ಬಿದ್ದು ತಲೆಗೆ ಪೆಟ್ಟಾದರೆ ಗಂಟೆಯೊಳಗೆ ಫ್ಯಾಕ್ಟರ್ ಏರಲೇಬೇಕು. ಅದಕ್ಕೆ ಅವನದೂ ತಕರಾರಿಲ್ಲ.

ಅವನ ಅಕ್ಕನಿಗೆ ಈಗ ಇಪ್ಪತ್ತೊಂದು. ತಮ್ಮನ ಈ ಎಲ್ಲ ಓಡಾಟವನ್ನು ಸುಮ್ಮನೆ ನೋಡುತ್ತಿದ್ದವಳು ಒಂದು ಸಂಜೆ ಊಟದ ಹೊತ್ತಿಗೆ, ಅಪ್ಪ ಅಮ್ಮ ಅಜ್ಜಿ ಎಲ್ಲರೂ ಇರುವಾಗಲೇ, "ಮಾವ, ನನಗೂ ಇದೆಯಾ ಅಂತ ಟೆಸ್ಟ್ ಮಾಡಿಸಬೇಕು. ಮದುವೆ ಮಾತು ಬರೋ ಮೊದಲು ನನಗೆ ಗೊತ್ತಿರಬೇಕು" ಅಂದಳು. ವೆಲ್ಲೂರಿನ ಸಿಎಂಸಿಯಲ್ಲಿ ಆ ಪರೀಕ್ಷೆ ಮಾಡುತ್ತಾರೆ. ವಂಶವಾಹಿಯಲ್ಲಿ ಯಾವ ಬದಲಾವಣೆಯನ್ನು ಹುಡುಕಬೇಕು ಎಂದು ತಿಳಿಯಲು ಮನೆಯಲ್ಲಿ ಕಾಯಿಲೆ ಇದ್ದವರ ರಕ್ತವೂ ಬೇಕಾಗುತ್ತದೆ, ಹಾಗಾಗಿ ನಾನೂ ಹೊರಟಿದ್ದೇನೆ. ತಂಗಿ ರೈಲಿನ ಟಿಕೆಟು ಮಾಡಿಸುವಾಗ ಅಮ್ಮ ಒಳಗಿನಿಂದ ಬಂದು, "ನನಗೂ ಒಂದು ಮಾಡಿಸೇ. ಎಲ್ಲ ಬಂದದ್ದು ನನ್ನಿಂದಲ್ವಾ, ನನ್ನ ರಕ್ತವೂ ನೋಡಲಿ" ಅಂದಳು. ಅವಳಿಗೆ ಎಪ್ಪತ್ತಾರು. ಕೆಳಗಿನ ಬರ್ತೇ ಬೇಕು ಅಂತ ಹಾಕಿಸಿದ್ದೇವೆ, ಅವಳಿಗೊಂದು, ನನಗೊಂದು.